ಜೋಮು

ಸೇನಾ ಆಸ್ಪತ್ರೆ, ಮೂಳೆ ವಾರ್ಡು
ಜೂನ್ 9

ಪ್ರೀತಿಯ ಚಿಕ್ಕಪ್ಪನಿಗೆ,

ನಿಮ್ಮ ಮಿಡತೆ ಮತ್ತೆ ನೆಗೆದಿದ್ದಾಳೆ. ಪೇಪರಿನಲ್ಲಿ ನೋಡಿರಬಹುದು, ‘ಮಹಿಳಾ ಪೈಲಟ್ ಪಾರು’ ಅಂತ ಎರಡು ಸಾಲು ಹಾಕಿದ್ದರಂತೆ. ಫೋನ್ ಮಾಡೋಣ ಅಂದರೆ ಜೆಟ್ಟುಗಳ ಸದ್ದಿಗೆ ನಿಮ್ಮ ಕಿವಿ ಹೋಗಿ ಎಷ್ಟೋ ಕಾಲವಾಯಿತು. ನೀವು ಆ ಕಡೆ ‘ಆಂ? ಆಂ?’ ಅನ್ನೋದು, ನಾನು ವಾರ್ಡಿಗೆಲ್ಲ ಕೇಳೋ ಹಾಗೆ ಕಿರುಚೋದು, ನರ್ಸ್ ಬಂದು ಬೈಯೋದು, ಇದೆಲ್ಲ ಯಾಕೆ ಅಂತ ಕಾಗದ ಬರೀತಿದೀನಿ. ಅಂಗಾತ ಮಲಗಿದೀನಿ, ರಟ್ಟನ್ನ ಎದೆ ಮೇಲೆ ಆನಿಸಿಕೊಂಡಿದೀನಿ. ಪೆನ್ನು ಮೇಲ್ಮುಖ ಮಾಡಿದರೆ ಶಾಯಿ ಇಳಿಯಲ್ಲ, ಪೆನ್ಸಿಲ್ಲೇ ಗತಿ.

ಹೋದ ಸಲ ಇಂಜಿನ್ನಿಗೆ ಹದ್ದು ನುಗ್ಗಿತ್ತು, ಆ ಪಾಪದ ಹದ್ದನ್ನ ಬೈದುಕೊಂಡು ಸುಮ್ಮನಾಗಿದ್ದೆ. ಈ ಸಲ ಬೈಯೋಕೆ ಯಾರೂ ಇಲ್ಲ. ನೆಲ ಬಿಟ್ಟು ಚಕ್ರ ಒಳಗೆ ಎಳೆದುಕೊಂಡಿದ್ದೆ ಅಷ್ಟೆ, ಬೆನ್ನ ಹಿಂದೆ ಯಾರೋ ದೊಡ್ಡ ಬಾಗಿಲನ್ನ ಧಡಾರನೆ ಹಾಕಿದ ಹಾಗೆ ಸದ್ದಾಯಿತು. ಕೆಂಪು ದೀಪ ಹತ್ತಿತು. ಟವರಿನವನು ‘ಬಾಲಕ್ಕೆ ಬೆಂಕಿ, ಹಾರು, ಹಾರು’ ಅಂತ ಕೂಗಿದ. ಪುಣ್ಯಕ್ಕೆ ವಿಮಾನದಲ್ಲಿ ನಾನೊಬ್ಬಳೇ. ಅದರ ಮೂಗನ್ನ ಖಾಲಿ ಬಯಲಿನ ಕಡೆ ತಿರುಗಿಸಿ, ತೊಡೆ ಸಂದಿನ ಹಿಡಿಯನ್ನ ಎರಡೂ ಕೈಯಲ್ಲಿ ಎಳೆದೆ. ಆಮೇಲಿನದು ನಿಮಗೆ ಹೇಳಬೇಕೇ? ಸೀಟಿನ ಕೆಳಗೆ ಮದ್ದು ಸಿಡಿಯೋದು, ನಾವು ಸೀಟಿನ ಸಮೇತ ಮೇಲಕ್ಕೆ ಹೋಗೋದು, ಹೊಟ್ಟೆ ಮಾತ್ರ ಕೆಳಗೇ ಉಳಿಯೋದು.

ಬಿದ್ದದ್ದು ಸಿಮೆಂಟ್ ಪೈಪು ಮಾಡೋ ಕಾರ್ಖಾನೆಯ ಅಂಗಳದಲ್ಲಿ. ಪ್ಯಾರಾಚೂಟ್ ಹಗ್ಗದಲ್ಲಿ ಸುತ್ತಿಕೊಂಡು ನರಳುತ್ತಿದ್ದರೆ ವಾಚ್‌ಮನ್ ಓಡಿ ಬಂದ. ಬಂದವನೇ ಏನು ಕೇಳಿದ ಹೇಳಿ? ‘ಗೇಟ್ ಪಾಸ್ ಎಲ್ಲಿ?’ ನಗು ಬಂತು, ನಗೋಕೆ ಆಗಲಿಲ್ಲ.

ಬೆನ್ನಿನ ಎರಡು ಮೂಳೆ ಅಮುಕಿ ಹೋಗಿವೆ. ಕತ್ತಿನಲ್ಲೂ ಒಂದು ಚೂರು ಜರುಗಿದೆಯಂತೆ. ಅಳತೆ ಮಾಡಿದರು, ಗಿಡ್ಡ ಆಗಿದೀನಿ. ಅಪ್ಪ ಬಂದಿದ್ದರು. ಮಂಚದ ಪಕ್ಕ ಕೂತು ನನ್ನ ಹೊದಿಕೆ ಸರಿಮಾಡಿದರು. ಹೋಗುವಾಗ, ‘ನಿನ್ನ ಚಿಕ್ಕಪ್ಪನ ಬಾಯಿಗೆ ಆವತ್ತೇ ಬೀಗ ಹಾಕಬೇಕಿತ್ತು’ ಅಂದರು. ಅದಕ್ಕೇ ಈ ಕಾಗದದ ವಿಷಯ ಅವರಿಗೆ ಗೊತ್ತಾಗೋದು ಬೇಡ.

ಒಂದೇ ಒಂದು ಕೇಳಬೇಕಿತ್ತು. ನೆಂಟರ ಮನೆಗಳಲ್ಲಿ ಎಲ್ಲರೂ ಕೂತಿರುವಾಗ ನೀವೊಬ್ಬರೇ ಎರಡೂ ಕೈ ಜೇಬಿಗೆ ಇಳಿಬಿಟ್ಟು, ನೆಟ್ಟಗೆ ನಿಂತು, ಮೂರು ಸಲ ವಿಮಾನದಿಂದ ಹೊರಕ್ಕೆ ಹಾರಿದ ಕಥೆ ಹೇಳ್ತಿದ್ದಿರಲ್ಲ. ನಿಲ್ಲೋದು ಅಂದರೆ ಹೀಗೆ ನಿಲ್ಲಬೇಕು ಅಂತ ನಾನು ಕನ್ನಡಿ ಮುಂದೆ ಅಭ್ಯಾಸ ಮಾಡ್ತಿದ್ದೆ. ಆ ಕಥೆಗಳಲ್ಲಿ ನೀವು ಬೀಳೋದಿತ್ತು, ಮತ್ತೆ ಹಾರೋದಿತ್ತು. ನಡುವಿನದನ್ನ ಯಾವತ್ತೂ ಹೇಳಲಿಲ್ಲ. ಎರಡನೇ ಸಲ ಆದಮೇಲೆ ಆ ಸೀಟಿನಲ್ಲಿ ಮತ್ತೆ ಹೇಗೆ ಕೂತಿರಿ, ಚಿಕ್ಕಪ್ಪ?

ನಿಮ್ಮ
ಮಿಡತೆ

—

ಮನೆ
ಜೂನ್ 21

ಮಿಡತೇ,

ಶಭಾಷ್! ಗೇಟ್ ಪಾಸ್ ಕಥೆ ಓದಿ ನಾನೂ ಚಿಕ್ಕಮ್ಮನೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು. ಅವಳು ಆಮೇಲೆ ಒಳಗೆ ಹೋಗಿ ಮೂಗು ಒರೆಸಿಕೊಂಡಳು, ಅದು ಬೇರೆ ವಿಷಯ. ಕಾಗದ ಟೈಪ್ ಆಗಿದೆ ಅಂತ ಗಾಬರಿಯಾಗಬೇಡ. ಮನೆಯಲ್ಲಿ ಕೋರ್ಟಿನ ಶೀಘ್ರಲಿಪಿಗಾರ್ತಿಯಾಗಿದ್ದ ನಿನ್ನ ಚಿಕ್ಕಮ್ಮನ ಹಳೇ ಟೈಪ್ ಮಿಷನ್ ಇರುವಾಗ ನನ್ನ ಕಾಗೆ ಕಾಲಿನ ಅಕ್ಷರ ಯಾಕೆ ನಿನಗೆ ತೋರಿಸಬೇಕು?

ನನ್ನ ಎರಡನೇದು ನೆನಪಿದೆಯಾ? ದೊಡ್ಡ ಲಾಂಡ್ರಿಯ ಹಿತ್ತಲು. ಹಗ್ಗದ ಮೇಲೆ ನೂರಾರು ಬಿಳೀ ಬೆಡ್‌ಶೀಟು. ನಡುವೆ ನಾನು, ನನ್ನ ಬಿಳೀ ಪ್ಯಾರಾಚೂಟು. ಲಾಂಡ್ರಿಯವಳು ನನ್ನ ಮುಖ ಸಹ ನೋಡಲಿಲ್ಲ. ‘ಇದ್ಯಾರ ಮನೇದು, ಗುರುತೇ ಹಾಕಿಲ್ಲ’ ಅಂತ ಗೊಣಗಿಕೊಂಡು ಪ್ಯಾರಾಚೂಟನ್ನ ಮಡಚೋಕೆ ಶುರುಮಾಡಿದಳು. ‘ಅಕ್ಕಾ, ಅದರೊಳಗೆ ನಾನಿದೀನಿ’ ಅಂದೆ. ‘ಹಾಗಾದರೆ ಏಳು, ಇಸ್ತ್ರಿ ಮಾಡಬೇಕು’ ಅಂದಳು!

ಮತ್ತೆ ಹೇಗೆ ಕೂತೆ ಅಂತ ಕೇಳಿದೀಯ. ಏಣಿ ಹತ್ತಿದೆ, ಕೂತೆ. ಬೆಲ್ಟು ಕಟ್ಟೋ ಹುಡುಗ ಕಟ್ಟಿದ. ಬಾಯಿ ಒಣಗಿತ್ತು, ನೀರು ಕುಡಿದೆ. ಅಷ್ಟೇ ಕಣೇ. ಅದರಲ್ಲಿ ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ಮಂಚದ ಮೇಲೆ ಜಾಸ್ತಿ ದಿನ ಬಿದ್ದುಕೊಂಡರೆ ತಲೆಗೆ ಇಲ್ಲದ್ದೆಲ್ಲ ಬರುತ್ತೆ. ಡಾಕ್ಟರುಗಳು ಹೆದರುಪುಕ್ಕಲರು, ಅವರ ಮುಖ ನೋಡಿ ನೀನು ಹೆದರಬೇಡ. ಇನ್ನೊಂದು ಸಲ ಹಾರಿದರೆ ನನ್ನ ಸಮಕ್ಕೆ ಬರ್ತೀಯ. ನಾಲ್ಕಕ್ಕೆ ಮಾತ್ರ ಹೋಗಬೇಡ, ಚಿಕ್ಕಪ್ಪನ ಮರ್ಯಾದೆ ಉಳಿಸು.

ನಿಮ್ಮಪ್ಪ ಬೈದರೆ ಬೈಯಲಿ. ಅಣ್ಣ ಬೈಯೋದು ಬಿಟ್ಟರೆ ನನಗೇ ಕೈಕಾಲು ಆಡಲ್ಲ.

ಚಿಕ್ಕಮ್ಮ ಕೇಳಿದಳು ಅಂತ ಬರೀಬೇಕಂತೆ.

ಚಿಕ್ಕಪ್ಪ

—

ಪುನಶ್ಚೇತನ ಕೇಂದ್ರ
ಆಗಸ್ಟ್ 28

ಪ್ರೀತಿಯ ಚಿಕ್ಕಪ್ಪ,

ಎದ್ದು ಓಡಾಡ್ತಿದೀನಿ. ಎದೆಯಿಂದ ಸೊಂಟದತನಕ ಪ್ಲಾಸ್ಟಿಕ್ ಕವಚ, ಆಮೆ ಹಾಗೆ. ಬೆಳಿಗ್ಗೆ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಸ್ತಾರೆ. ಪಕ್ಕದ ಕೋಣೆಯಲ್ಲಿ ಲಾರಿ ಮಗುಚಿಕೊಂಡ ಒಬ್ಬ ಡ್ರೈವರಿದ್ದಾರೆ. ‘ನೀವು ಮೇಲಿಂದ ಬಿದ್ದಿರಿ, ನಾನು ಪಕ್ಕಕ್ಕೆ ಬಿದ್ದೆ, ಕೊನೆಗೆ ಇಬ್ಬರಿಗೂ ಒಂದೇ ತೂಗುಯ್ಯಾಲೆ’ ಅಂತ ನಗ್ತಾರೆ. ನಮ್ಮಿಬ್ಬರ ಕತ್ತನ್ನೂ ಒಂದೇ ತರಹದ ಪಟ್ಟಿಗೆ ಕಟ್ಟಿ ಎಳೀತಾರೆ.

ಒಂದು ವಿಷಯ, ಬೇರೆ ಯಾರಿಗೂ ಹೇಳಿಲ್ಲ. ಎಡಗೈಯ ಕಿರುಬೆರಳು, ಉಂಗುರಬೆರಳು ಎರಡೂ ಜೋಮು ಹಿಡೀತಿವೆ. ಮಲಗಿ ಎದ್ದಾಗ ಹಿಡಿಯೋ ಜೋಮಲ್ಲ, ಕೈ ಕೊಡವಿದರೆ ಹೋಗಲ್ಲ. ಮೊನ್ನೆ ನೀರಿನ ಲೋಟ ಹಿಡಿದಿದೀನಿ ಅಂದುಕೊಂಡೇ ಇದ್ದೆ, ಅದು ನೆಲದ ಮೇಲಿತ್ತು. ಬಿದ್ದ ಸದ್ದು ಕೇಳಿದಮೇಲೆ ಕೈ ಖಾಲಿ ಅಂತ ಗೊತ್ತಾಯಿತು. ಡ್ರೈವರಣ್ಣ ನೋಡಿದರು, ಬಟ್ಟೆ ತಂದು ಒರೆಸಿದರು.

ಅಕ್ಟೋಬರಿನಲ್ಲಿ ವೈದ್ಯರ ಮಂಡಳಿ ಕೂರುತ್ತೆ. ಹಾರಬಹುದೋ ಬಾರದೋ ಅಂತ ಅವರೇ ಹೇಳಬೇಕು. ಜೋಮು ಅಂದರೆ ಮುಗೀತು, ಮೇಜಿನ ಕೆಲಸಕ್ಕೆ ಹಾಕ್ತಾರೆ. ನಿಮಗೂ ಹೀಗಾಗಿತ್ತಾ? ತಾನಾಗೇ ಹೋಯಿತಾ?

ನೀವು ಬೇಡ ಅಂದರೆ ನಾಳೆಯೇ ಹೋಗಿ ಹೇಳಿಬಿಡ್ತೀನಿ. ನಿಮ್ಮ ಮಾತಿಗೆ ಕಾಯ್ತಿದೀನಿ.

ಮಿಡತೆ

—

ಮನೆ
ಸೆಪ್ಟೆಂಬರ್ 6

ಮಿಡತೇ,

ಆಗಿತ್ತು. ಮೂರನೇದಕ್ಕೆ ಮುಂಚೆ ನನಗೂ ಆಗಿತ್ತು, ಅದೇ ಎರಡು ಬೆರಳು. ಮಂಡಳಿಯಲ್ಲಿ ಕೇಳಿದರು, ‘ಜೋಮಿದೆಯಾ?’ ‘ಇಲ್ಲ’ ಅಂದೆ. ಒಂದೇ ಪದ, ಎರಡು ಅಕ್ಷರ. ಹೋಗಿ ಹಾರಿದೆ. ಬಿದ್ದೆ, ಎದ್ದೆ. ನೋಡು, ಇವತ್ತಿಗೂ ಗುಂಡುಕಲ್ಲಿನ ಹಾಗಿದೀನಿ.

ರಬ್ಬರ್ ಚೆಂಡು ತರಿಸಿಕೊಂಡು ದಿನಾ ಹಿಸುಕು. ಬಿಸಿನೀರಲ್ಲಿ ಕೈ ಅದ್ದು. ಮೂಳೆ ಅಮುಕಿದಾಗ ನರ ಮುನಿಸಿಕೊಳ್ಳುತ್ತೆ, ನಾಲ್ಕು ದಿನ ಬಿಟ್ಟರೆ ತಾನೇ ಸರಿಹೋಗುತ್ತೆ.

xxxxxxxxxxxxxxxxxxxxxxxxxxx

ಡಾಕ್ಟರ ಹತ್ತಿರ ಬಾಯಿ ಬಿಡಬೇಡ. ಒಂದು ಸಲ ಅವರ ಕಾಗದದ ಮೇಲೆ ಬಂತು ಅಂದರೆ ದೇವರು ಬಂದರೂ ಅಳಿಸೋಕಾಗಲ್ಲ. ನಮ್ಮ ವಂಶದಲ್ಲಿ ಮೇಜಿನ ಮುಂದೆ ಕೂರೋಕೆ ನಿಮ್ಮಪ್ಪ ಒಬ್ಬ ಸಾಕು.

ಚಿಕ್ಕಪ್ಪ

—

ವಾಯುನೆಲೆ, ಅಧಿಕಾರಿಗಳ ವಸತಿ
ಅಕ್ಟೋಬರ್ 24

ಚಿಕ್ಕಪ್ಪಾ!

ಪಾಸು! ಮೊದಲು ನಿಮಗೇ ಬರೀತಿದೀನಿ.

ಹೇಗೆ ಅಂತ ಕೇಳಿ. ಡಾಕ್ಟರು ಅವರ ಎರಡು ಬೆರಳು ಮುಂದೆ ಚಾಚಿ ‘ಹಿಸುಕಿ’ ಅಂದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಲ್ಲೇ ಇದ್ದ ಬಲವೆಲ್ಲ ಹಾಕಿ ಹಿಸುಕಿದೆ. ‘ಅಬ್ಬಾ’ ಅಂದರು. ಆಮೇಲೆ ಕಣ್ಣು ಮುಚ್ಚಿಸಿ ಸೂಜಿ ಚುಚ್ಚಿದರು. ಚುಚ್ಚಿದ್ದು ಗೊತ್ತಾಗಲಿಲ್ಲ, ಆದರೆ ಅವರು ಚುಚ್ಚುವಾಗಲೆಲ್ಲ ಅವರ ಅಂಗಿಯ ತೋಳು ಸರ್ರ್ ಅನ್ನುತ್ತಿತ್ತು. ಆ ಸದ್ದು ಕೇಳಿ ‘ಹಾಂ, ಈಗ’ ಅಂದೆ. ಜೋಮು? ‘ಇಲ್ಲ.’ ಎರಡೇ ಅಕ್ಷರ.

ಡಿಸೆಂಬರಿನಿಂದ ನನ್ನನ್ನ ತರಬೇತಿ ವಿಮಾನಕ್ಕೆ ಹಾಕಿದ್ದಾರೆ. ನಾನು ಕಲಿಸೋಳು! ಕಲಿಯೋರು ಮುಂದಿನ ಸೀಟಿನಲ್ಲಿ, ನಾನು ಹಿಂದಿನದರಲ್ಲಿ. ಅದರಲ್ಲಿ ಹಿಂದಿನವರು ಹಿಡಿ ಎಳೆದರೆ ಇಬ್ಬರೂ ಹೊರಗೆ ಹೋಗ್ತಾರೆ. ಮುಂದಿನವರು ಎಳೆದರೆ ಅವರು ಮಾತ್ರ.

ಜೋಮು ಹೋಗಿಲ್ಲ, ನಿಜ ಹೇಳಬೇಕಂದರೆ ಅಂಗೈ ಅಂಚಿನತನಕ ಬಂದಿದೆ. ಹೆಲ್ಮೆಟ್ಟಿನ ಗುಂಡಿ ಹಾಕೋಕೆ ಬೆಳಿಗ್ಗೆ ಹೊತ್ತು ಪರದಾಡ್ತೀನಿ. ಆದರೆ ಉಪಾಯ ಕಂಡುಕೊಂಡಿದೀನಿ. ತರಬೇತಿ ಕೋಣೆಯಲ್ಲಿ ಮದ್ದಿಲ್ಲದ ಸೀಟು ಒಂದಿದೆಯಲ್ಲ, ಊಟದ ಬಿಡುವಿನಲ್ಲಿ ಅದರ ಮೇಲೆ ಕೂತು ಹಿಡಿ ಎಳೆದು ನೋಡ್ತೀನಿ. ಎಡಗೈ ಜಾರುತ್ತೆ. ಅದಕ್ಕೆ ಬಲಗೈಯಲ್ಲಿ ಹಿಡಿ ಹಿಡಿದು, ಎಡಗೈಯಿಂದ ಬಲಗೈ ಮಣಿಕಟ್ಟನ್ನ ಅಪ್ಪಿ ಎಳೆಯೋದು. ಐದು ಸಲದಲ್ಲಿ ನಾಲ್ಕು ಸಲ ಬರುತ್ತೆ.

ಹೋದ ಕಾಗದದಲ್ಲಿ ಒಂದು ಸಾಲಿನ ಮೇಲೆ ಪೂರ್ತಿ ‘x’ ಹೊಡೆದು ಮುಚ್ಚಿದ್ದಿರಲ್ಲ, ಏನು ಬರೆದಿದ್ದಿರಿ? ಬೆಳಕಿಗೆ ಹಿಡಿದು ನೋಡಿದೆ, ಓದೋಕಾಗಲಿಲ್ಲ. ಅಪ್ಪನಿಗೆ ಬೈಗುಳ ಇರಬೇಕು!

ಮಿಡತೆ

—

ವಾಯುನೆಲೆ
ನವೆಂಬರ್ 19

ನಿಮಗೆ,

ಇವತ್ತು ನೆಲೆಯ ಡಾಕ್ಟರು ಕರೆಸಿದರು. ಮೇಜಿನ ಮೇಲೆ ಟೈಪ್ ಮಾಡಿದ ಕಾಗದ ಇತ್ತು. ಕೆಳಗೆ ನಿಮ್ಮ ಹೆಸರು, ಹುದ್ದೆ, ‘ಮೂರು ಸಲ ಹಾರಿ ಬದುಕಿದವನು’ ಅಂತ. ನನ್ನ ಎರಡು ಬೆರಳು ಅದರಲ್ಲಿತ್ತು. ನೀರಿನ ಲೋಟ ಇತ್ತು. ಅಂಗಿ ತೋಳಿನ ಸದ್ದೂ ಇತ್ತು. ಐದರಲ್ಲಿ ನಾಲ್ಕು ಅನ್ನೋದೂ ಇತ್ತು.

ಡಾಕ್ಟರು ಬಾಗಿಲು ಹಾಕಿ ಕೇಳಿದರು: ‘ಇದು ನಿಜವಾ?’ ಆ ಎರಡು ಅಕ್ಷರ ಬಾಯಿಂದ ಬರಲಿಲ್ಲ.

ಹಾರಾಟ ನಿಲ್ಲಿಸಿದ್ದಾರೆ. ಸುಳ್ಳು ಹೇಳಿದ್ದಕ್ಕೆ ವಿಚಾರಣೆ ಬೇರೆ. ಮೆಸ್ಸಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರಲಿಲ್ಲ.

ಬೇಡ ಅಂತ ಒಂದು ಮಾತು ನನಗೆ ಬರೆದಿದ್ದರೆ ಸಾಕಿತ್ತು. ಕೇಳಿದ್ದೆನಲ್ಲ? ಕಾಯ್ತಿದೀನಿ ಅಂದಿದ್ದೆನಲ್ಲ? ‘ಬಾಯಿ ಬಿಡಬೇಡ’ ಅಂತ ನನಗೆ ಬರೆದು, ಹಿಂದಿನಿಂದ ಅವರಿಗೆ ಬರೆದಿರಿ. ನಿಮ್ಮ ಲೆಕ್ಕ ಸರಿಗಟ್ಟುತ್ತೀನಿ ಅಂತ ಹೊಟ್ಟೆ ಉರೀತಾ? ಮೂರು ಸಲ ಹಾರಿದವರು ಮನೆತನದಲ್ಲಿ ಒಬ್ಬರೇ ಇರಬೇಕಿತ್ತಾ?

ಅಪ್ಪ ನಿಮ್ಮ ಬಗ್ಗೆ ಹೇಳಿದ್ದೆಲ್ಲ ಕಡಿಮೆಯೇ ಆಯಿತು. ನನಗೆ ಚಿಕ್ಕಪ್ಪ ಇಲ್ಲ. ಕಾಗದ ಹಾಕಬೇಡಿ.

—

ಮನೆ
ಜನವರಿ 15

ಏನೇ ಮಿಡತೇ,

ಹೊಸ ವರ್ಷಕ್ಕೂ ಒಂದು ಸಾಲಿಲ್ಲ? ಮೇಡಂ ಆದಮೇಲೆ ಕೊಂಬು ಬಂತೋ? ನಿನ್ನ ಪಾಸಿನ ಕಾಗದ ಬಂದಾಗ ಟೈಪ್ ಮಿಷನ್ನು ಕೈಕೊಟ್ಟಿತ್ತು, ರಿಬ್ಬನ್ ಸಿಗಲಿಲ್ಲ, ಅದಕ್ಕೇ ಉತ್ತರ ತಡ. ಸಿಟ್ಟು ಮಾಡಿಕೊಂಡೆಯಾ?

ಡಿಸೆಂಬರ್ ಹೋಯಿತು, ಹಾರೋಕೆ ಶುರುಮಾಡಿರ್ತೀಯ. ಮುಂದೆ ಕೂತ ಮರಿಗಳು ಹೇಗಿದ್ದಾವೆ? ಮೊದಲ ಸಲ ವಿಮಾನ ತಲೆಕೆಳಗು ಮಾಡಿದಾಗ ಎಷ್ಟು ಜನ ವಾಂತಿ ಮಾಡಿಕೊಂಡರು? ಎಲ್ಲಾ ಬರಿ. ನಾನು ಗೇಟಿನ ಹತ್ತಿರವೇ ಇರ್ತೀನಿ, ಪೋಸ್ಟಿನವನು ನನ್ನ ಕಂಡರೆ ಈಗ ದೂರದಿಂದಲೇ ಕೈ ಆಡಿಸಿಬಿಡ್ತಾನೆ, ಏನೂ ಇಲ್ಲ ಅಂತ.

ಬೇಗ ಬರಿ.

ಚಿಕ್ಕಪ್ಪ

—

ಮನೆ
ಮಾರ್ಚ್ 3

ಮಗಳೇ,

ಇದು ನಿನ್ನ ಚಿಕ್ಕಮ್ಮನ ಕೈಬರಹ. ಇದುವರೆಗೆ ನಿನಗೆ ಬಂದ ಕಾಗದಗಳನ್ನೆಲ್ಲ ಟೈಪ್ ಮಾಡಿದವಳೂ ನಾನೇ. ಅವರು ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಹರಿದು ಹಾಕುವ ಮುಂಚೆ ಪೂರ್ತಿ ಓದು.

ನೆಲೆಯ ಡಾಕ್ಟರಿಗೆ ಬರೆದದ್ದು ಅವರಲ್ಲ. ನಾನು.

ಅವರಿಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ನವೆಂಬರಿನ ಕಾಗದ ಪೋಸ್ಟಿನವನ ಕೈಯಿಂದ ನಾನೇ ಇಸಿದುಕೊಂಡೆ. ಅಡುಗೆಮನೆಯಲ್ಲಿ ನಿಂತು ಓದಿದೆ. ಅವರಿಗೆ ತೋರಿಸಲಿಲ್ಲ. ಜನವರಿಯಲ್ಲಿ ಅವರು ‘ಏನೇ ಮಿಡತೇ’ ಅಂತ ನಗುನಗುತ್ತಾ ಹೇಳಿದ್ದನ್ನು, ನೀನು ಅದನ್ನು ಅಣಕ ಅಂತ ಓದುತ್ತೀಯ ಎಂದು ಗೊತ್ತಿದ್ದೂ, ಹೇಳಿದ ಹಾಗೇ ಟೈಪ್ ಮಾಡಿ ಕಳಿಸಿದೆ. ಬೇರೇನು ಮಾಡಲಿ ಅಂತ ತೋಚಲಿಲ್ಲ.

ನೀನು ನಿನ್ನ ಚಿಕ್ಕಪ್ಪನ ಕೈ ನೋಡಿದೀಯಾ? ನೋಡಿರಲಾರೆ. ಜೇಬಿನಿಂದ ಅವರು ಅದನ್ನು ನೆಂಟರ ಮುಂದೆ ಹೊರಗೆ ತೆಗೆಯುವುದಿಲ್ಲ. ಬೆರಳು ಒಳಕ್ಕೆ ಮಡಚಿಕೊಂಡಿವೆ, ಎರಡೂ ಕೈ. ಪೆನ್ನು ಹಿಡಿದು ಹನ್ನೆರಡು ವರ್ಷವಾಯಿತು. ಅಂಗಿಯ ಗುಂಡಿ ನಾನು ಹಾಕುತ್ತೇನೆ. ಚಮಚಕ್ಕೆ ಪಟ್ಟಿ ಹೊಲಿದಿದ್ದೇನೆ, ಅಂಗೈಗೆ ಕಟ್ಟಿದರೆ ಊಟ ಮಾಡುತ್ತಾರೆ. ಮದುವೆ ಮನೆಗಳಲ್ಲಿ ನಿಂತೇ ಇರುತ್ತಿದ್ದರಲ್ಲ, ನೀನು ಗತ್ತು ಅಂದುಕೊಂಡೆ. ಕೂತರೆ ಸೊಂಟದಿಂದ ಕೆಳಗೆ ಬೆಂಕಿ ಹತ್ತಿದ ಹಾಗಾಗುತ್ತದೆ, ಏಳಬೇಕಾದರೆ ಇಬ್ಬರು ಎತ್ತಬೇಕು. ಮನೆಗೆ ಬಂದಮೇಲೆ ಕತ್ತಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ‘ಹುಡುಗರು ನಕ್ಕರಾ?’ ಅಂತ ಮಾತ್ರ ಕೇಳುತ್ತಿದ್ದರು.

ಮೂರನೇ ಸಲದ್ದು ಅವರು ತಮಾಷೆಯಾಗಿ ಹೇಳುತ್ತಾರೆ. ಅದು ಎರಡು ಸೀಟಿನ ವಿಮಾನ, ಹಿಂದಿನ ಸೀಟಿನಲ್ಲಿದ್ದ ಇನ್ನೊಬ್ಬರು ಅವರ ಕಥೆಯಲ್ಲಿ ಬರುವುದೇ ಇಲ್ಲ. ಆವತ್ತು ನಿನ್ನ ಚಿಕ್ಕಪ್ಪ ಹಿಡಿ ಎಳೆಯಲಿಲ್ಲ. ಎಳೆಯಲು ಹೋದರು, ಕೈ ಬರಲಿಲ್ಲ. ಹಿಂದಿನವರು, ಮುಂದೆ ಕೂತ ಇವರು ಎಳೆಯುತ್ತಾರೆ ಅಂತ ಕಾದು ಕಾದು ಕೊನೆಗೆ ತಾವೇ ಇಬ್ಬರಿಗೂ ಎಳೆದರು. ಅಷ್ಟರಲ್ಲಿ ನೆಲ ಹತ್ತಿರ ಬಂದಿತ್ತು. ಆಮೇಲೆ ಆ ಹಿಂದಿನವರು ನಡೆಯಲೇ ಇಲ್ಲ. ಒಂದು ಸಲ ಗಾಲಿಕುರ್ಚಿಯಲ್ಲಿ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಮಧ್ಯಾಹ್ನವೆಲ್ಲ ಹಳೇ ಕಮಾಂಡರನ್ನು ಅಣಕಿಸಿಕೊಂಡು ನಕ್ಕರು. ಕೈಯ ಮಾತು ಒಬ್ಬರೂ ಎತ್ತಲಿಲ್ಲ. ಹೊರಡುವಾಗ ಅವರ ಹೆಂಡತಿ ನನ್ನನ್ನು ಒಂದೇ ಒಂದು ಸಲ ನೋಡಿದಳು. ಆ ನೋಟ ಹೊತ್ತುಕೊಂಡೇ ಇಷ್ಟು ವರ್ಷ ಬದುಕಿದ್ದೇನೆ.

ನಾನು ಮೂವತ್ತು ವರ್ಷ ಕೋರ್ಟಿನಲ್ಲಿ ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಂಡವಳು. ಕೊಲೆಗಾರ ಹೇಳಿದ್ದನ್ನೂ ಬರೆದೆ, ಕೊಲೆಯಾದವಳ ತಾಯಿ ಹೇಳಿದ್ದನ್ನೂ ಬರೆದೆ. ಒಂದಕ್ಷರ ಬದಲಾಯಿಸಿದ್ದಿಲ್ಲ. ಸೆಪ್ಟೆಂಬರಿನಲ್ಲಿ ‘ಗುಂಡುಕಲ್ಲಿನ ಹಾಗಿದೀನಿ, ತಾನೇ ಸರಿಹೋಗುತ್ತೆ’ ಅಂದರಲ್ಲ, ಆಗ ಮೊದಲ ಸಲ ನನ್ನದೊಂದು ಸಾಲು ಹೊಡೆದೆ: ‘ಇದನ್ನು ನಂಬಬೇಡ ಮಗಳೇ.’ ಅವರು ಹಿಂದಿನಿಂದ ಬಗ್ಗಿ ನೋಡಿದರು. ‘ಅಳಿಸು’ ಅಂದರು. ಅಳಿಸಿದೆ. ಆವತ್ತು ಅಳಿಸಬಾರದಿತ್ತು.

ನಿನ್ನ ಪಾಸಿನ ಕಾಗದ ಬಂದಾಗ ಅವರು ಮಗುವಿನ ಹಾಗೆ ಕುಣಿದರು. ‘ಬರಿ, ಶಭಾಷ್ ಅಂತ ಬರಿ’ ಅಂದರು. ಶಭಾಷ್ ಅಂತ ಹೊಡೆದೆ. ಮುಂದಕ್ಕೆ ಬೆರಳು ಓಡಲಿಲ್ಲ. ನೀನು ಹಿಂದಿನ ಸೀಟಿನಲ್ಲಿ, ಐದರಲ್ಲಿ ನಾಲ್ಕು ಸಲ ಬರುವ ಕೈ ಇಟ್ಟುಕೊಂಡು. ಮುಂದೆ ಕೂತವರಿಗೆ ಐದನೆಯದರ ವಿಷಯ ಯಾರು ಹೇಳುತ್ತಾರೆ? ರಿಬ್ಬನ್ ಹರಿಯಿತು ಅಂದೆ. ಅವರು ಮಧ್ಯಾಹ್ನ ಮಲಗಿದಾಗ ಅದೇ ಹಾಳೆ ತೆಗೆದು ಬೇರೆ ಹಾಳೆ ಹಾಕಿ ಡಾಕ್ಟರಿಗೆ ಬರೆದೆ. ಅವರ ಹೆಸರನ್ನೇ ಹಾಕಿದೆ. ಹೆಂಗಸೊಬ್ಬಳು ಬರೆದರೆ ಮನೆಯವರ ಹೆದರಿಕೆ ಅಂತ ಬದಿಗಿಡುತ್ತಾರೆ, ಮೂರು ಸಲ ಹಾರಿದವರು ಬರೆದರೆ ಓದುತ್ತಾರೆ. ನಿನಗೆ ಮೊದಲು ಹೇಳಬೇಕಿತ್ತು ಅನ್ನುತ್ತೀಯ. ಹೇಳಿದ್ದರೆ ನೀನು ಆ ಬಾಗಿಲನ್ನೂ ಮುಚ್ಚುತ್ತಿದ್ದೆ. ಮೂರನೇ ಸಲಕ್ಕೆ ಮುಂಚೆ ಡಾಕ್ಟರಿಗೆ ಹೇಳುತ್ತೇನೆ ಅಂದಾಗ ನಿನ್ನ ಚಿಕ್ಕಪ್ಪ ಹಾಗೇ ಮಾಡಿದ್ದರು.

ಕ್ಷಮಿಸು ಅಂತ ಕೇಳುವುದಿಲ್ಲ. ಮತ್ತೆ ಆ ದಿನ ಬಂದರೆ ಮತ್ತೆ ಬರೆಯುತ್ತೇನೆ.

ಈಗ ಬರೆಯುತ್ತಿರುವುದು ಅವರಿಗಾಗಿ. ನಿನ್ನಿಂದ ಕಾಗದವಿಲ್ಲ ಅಂದಮೇಲೆ ನೀನು ಮೂರನೇ ಸಲ ಹಾರಿದೆ, ಬದುಕಲಿಲ್ಲ, ನಾವೆಲ್ಲ ಸೇರಿ ಮುಚ್ಚಿಡುತ್ತಿದ್ದೇವೆ ಅಂತ ತಲೆಗೆ ಹತ್ತಿಸಿಕೊಂಡಿದ್ದಾರೆ. ಬದುಕಿದ್ದಾಳೆ, ಚೆನ್ನಾಗಿದ್ದಾಳೆ ಅಂದರೆ, ‘ಹಾಗಾದರೆ ಬರೆಯೋಕೇನು ದಾಡಿ? ನಾನೇ ಹೇಳಿಕೊಟ್ಟೆ, ನಾನೇ ಕೊಂದೆ’ ಅನ್ನುತ್ತಾರೆ. ಹೋದ ವಾರ ಗೇಟಿನ ಹತ್ತಿರ ಬಿದ್ದರು. ಆಸರೆಗೆ ಕಂಬಿ ಹಿಡಿಯಲು ಕೈ ಬರಲಿಲ್ಲ, ಮುಖ ಕಲ್ಲಿಗೆ ಬಡಿಯಿತು. ಊಟ ಬೇಡ ಅನ್ನುತ್ತಾರೆ. ನಾನು ಅವರಿಗೆ ನಿಜ ಹೇಳಬಹುದು. ಹೇಳಿದರೆ ನನ್ನ ಕೈಯಿಂದ ನೀರು ಕುಡಿಯುವುದನ್ನೂ ಬಿಡುತ್ತಾರೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ.

ನಿನ್ನ ಸಿಟ್ಟೆಲ್ಲ ನನ್ನ ಮೇಲಿರಲಿ. ಅವರಿಗೆ ನಿನ್ನ ಅಕ್ಷರದಲ್ಲಿ ನಾಲ್ಕು ಸಾಲು ಬರೆ. ಬದುಕಿದ್ದೀಯ ಅಂತ ಗೊತ್ತಾದರೆ ಸಾಕು.

ಚಿಕ್ಕಮ್ಮ

—

ವಾಯುನೆಲೆ
ಏಪ್ರಿಲ್ 12

ಚಿಕ್ಕಮ್ಮ,

ಲಕೋಟೆಯಲ್ಲಿ ಎರಡು ಹಾಳೆ ಇವೆ. ಇದು ನಿಮಗೆ. ಓದಿ ಒಲೆಗೆ ಹಾಕಿ.

ಉತ್ತರ ತಡವಾದದ್ದು ಸಿಟ್ಟಿಗಲ್ಲ. ಕತ್ತಿನ ಆಪರೇಷನ್ ಆಯಿತು. ಎಡಗೈ ವಾಪಸ್ ಬರಲ್ಲ, ಇದ್ದಷ್ಟು ಇರುತ್ತೆ ಅಂದಿದ್ದಾರೆ. ಇನ್ನೊಂದು ಸಲ ಆ ಏಟು ಬಿದ್ದಿದ್ದರೆ ಏನಾಗ್ತಿತ್ತು ಅಂತಲೂ ಡಾಕ್ಟರು ಹೇಳಿದರು. ಅದನ್ನ ಬರೆದು ನಿಮಗೆ ಸಮಾಧಾನ ಕೊಡೋ ಮನಸ್ಸು ನನಗಿನ್ನೂ ಬಂದಿಲ್ಲ.

ವಿಚಾರಣೆಯಲ್ಲಿ ದರ್ಜೆ ಇಳಿಸಿದರು. ಸಮವಸ್ತ್ರ ಉಳಿಯಿತು, ಆಕಾಶ ಹೋಯಿತು. ವಿಮಾನ ಮೇಲೇಳೋ ಸದ್ದು ಕೇಳಿದಾಗ ಇವತ್ತಿಗೂ ನಿಮ್ಮ ಹೆಸರು ಹಿಡಿದು ಶಪಿಸ್ತೀನಿ. ಅದು ನಿಮಗೆ ಗೊತ್ತಿರಲಿ. ನೀವು ಮಾಡಿದ್ದು ತಪ್ಪು ಅಂತ ಹೇಳೋಕೂ ನನ್ನಿಂದ ಆಗ್ತಿಲ್ಲ, ಅದೂ ಗೊತ್ತಿರಲಿ. ಡಿಸೆಂಬರಿನಲ್ಲಿ ನನ್ನ ಮುಂದಿನ ಸೀಟಿಗೆ ಬರಬೇಕಾಗಿದ್ದವಳನ್ನ ದಿನಾ ಮೆಸ್ಸಿನಲ್ಲಿ ನೋಡ್ತೀನಿ. ಅವಳು ಬಹಳ ಮಾತಾಡ್ತಾಳೆ, ಬಾಯಿ ತುಂಬ ತಿನ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ.

ಚಿಕ್ಕಪ್ಪನಿಗೆ ಬರೆದ ಹಾಳೆಯಲ್ಲಿ ನೀವು ಡಾಕ್ಟರಿಗೆ ಬರೆದ ಕಾಗದದ ಮಾತಿಲ್ಲ. ಕತ್ತಿನ ಚಿತ್ರ ತೆಗೆಯೋ ಯಂತ್ರದಲ್ಲಿ ನನ್ನ ಸುಳ್ಳು ಸಿಕ್ಕಿಬಿತ್ತು ಅಂತ ಬರೆದಿದೀನಿ. ಹಾಗೇ ಇರಲಿ. ಅವರ ಕೈ ವಿಷಯ ನೀವು ಹೇಳಿದಿರಿ ಅಂತ ಮಾತ್ರ ಬರೆದಿದೀನಿ. ಅದಕ್ಕೆ ಬೈದರೆ ಬೈಸಿಕೊಳ್ಳಿ.

—

ವಾಯುನೆಲೆ
ಏಪ್ರಿಲ್ 12

ಪ್ರೀತಿಯ ಚಿಕ್ಕಪ್ಪ,

ಬದುಕಿದೀನಿ. ಎರಡಕ್ಕೇ ನಿಂತಿದೆ, ಮೂರಕ್ಕೆ ಹೋಗಲ್ಲ. ನಿಮ್ಮ ದಾಖಲೆ ನಿಮ್ಮ ಹತ್ತಿರವೇ ಭದ್ರ.

ನೀವು ಹೇಳಿದ ಹಾಗೆ ‘ಇಲ್ಲ’ ಅಂದೆ, ಮನುಷ್ಯರು ನಂಬಿದರು. ಆಮೇಲೆ ಒಂದು ಯಂತ್ರದೊಳಗೆ ಮಲಗಿಸಿ ಕತ್ತಿನ ಚಿತ್ರ ತೆಗೆದರು, ಅದು ನಂಬಲಿಲ್ಲ. ಆಪರೇಷನ್ ಆಯಿತು. ಇಷ್ಟು ದಿನ ಬರೀದೇ ಇದ್ದದ್ದು ಅದಕ್ಕೇ. ನಿಮ್ಮಿಂದ ಏನೂ ಆಗಿಲ್ಲ. ಹೇಳಿದ್ದು ನೀವು, ಕೇಳೋದು ಬಿಡೋದು ನನ್ನ ಕೈಯಲ್ಲಿತ್ತು.

ಈಗ ಹಾರಲ್ಲ. ಹೊಸದಾಗಿ ಸೇರಿದವರಿಗೆ ಸೀಟಿನ ಪಾಠ ಮಾಡ್ತೀನಿ. ತಗಡಿನ ಛಾವಣಿಯ ಕೋಣೆ, ಹದಿನಾರು ಬೆಂಚು, ಒಂದು ಹಲಗೆ. ಬೆನ್ನು ಹೇಗೆ ನೆಟ್ಟಗಿಡಬೇಕು, ಮೊಣಕೈ ಹೇಗೆ ಒಳಗಿಡಬೇಕು, ತಲೆ ಹೇಗೆ ಹಿಂದಕ್ಕೆ ಒತ್ತಬೇಕು ಅಂತ. ಎರಡು ಸಲ ಹಾರಿದವಳು ಅಂತ ಮೊದಲ ದಿನ ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ಕಥೆ ಬೇಕಿತ್ತು ಅವರಿಗೆ.

ಹೋದ ವಾರ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ‘ಮೇಡಂ, ಹಾರಿದಾಗ ನೋವಾಗುತ್ತಾ?’ ಅಂದಳು. ನಗಿಸೋ ಮಾತು ನಾಲಿಗೆ ತುದಿಗೆ ಬಂದಿತ್ತು. ಇಡೀ ತರಗತಿ ನಗೋಕೆ ತಯಾರಾಗಿತ್ತು.

‘ಆಗುತ್ತೆ’ ಅಂದೆ. ‘ಆವತ್ತು ಗೊತ್ತಾಗಲ್ಲ. ಆಮೇಲೆ ದಿನಾ ಆಗುತ್ತೆ.’

ಎಡಗೈಯನ್ನ ಮೇಜಿನ ಮೇಲಿಟ್ಟು ತೋರಿಸಿದೆ. ಹತ್ತಿರ ಬಂದು ನೋಡಿ ಅಂದೆ. ಮೊದಲು ಯಾರೂ ಏಳಲಿಲ್ಲ. ಆಮೇಲೆ ಅವಳೇ ಬಂದು ಕಿರುಬೆರಳನ್ನ ಮುಟ್ಟಿದಳು, ‘ಈಗ ಗೊತ್ತಾಗ್ತಿದೆಯಾ?’ ಅಂದಳು. ಇಲ್ಲ ಅಂದೆ. ಅವಳ ಮುಖ ಬಿಳಿಚಿಕೊಂಡಿತು, ಆದರೂ ಕೈ ಬಿಡಲಿಲ್ಲ. ಕಮಾಂಡರಿಗೆ ಸುದ್ದಿ ಹೋಗಿದೆ. ‘ಮಕ್ಕಳನ್ನ ಹೆದರಿಸ್ತಿದೀರಂತೆ, ಮುಂದಿನ ತರಗತಿಯಲ್ಲಿ ಇದೆಲ್ಲ ಬೇಡ’ ಅಂದರು. ಬೇಡ ಅಂದರೆ ಪಾಠವೇ ಬೇಡ ಅಂದಿದೀನಿ. ನಾಳೆ ಮತ್ತೆ ಕರೆಸಿದ್ದಾರೆ.

ನಿಮ್ಮ ಕೈ ವಿಷಯ ಚಿಕ್ಕಮ್ಮ ಬರೆದರು. ಬೈಬೇಡಿ, ನಾನೇ ಕೇಳಿದ್ದು. ಬಿದ್ದ ಗಾಯ ಹೇಗಿದೆ? ಮುಖದ್ದು ಮಾತ್ರ ಅಲ್ಲ, ಎಲ್ಲಾದರದ್ದೂ ಕೇಳ್ತಿದೀನಿ. ಬೆಳಿಗ್ಗೆ ಎದ್ದಾಗ ಎಲ್ಲಿ ನೋಯುತ್ತೆ, ಕೂತಾಗ ಎಲ್ಲಿ ಹಿಡಿಯುತ್ತೆ, ಮೊದಲಿನಿಂದ ಬರೆಸಿ. ತಮಾಷೆ ಬೇಡ, ಚಿಕ್ಕಪ್ಪ. ನನಗೂ ಮುಂದೆ ಏನೇನಿದೆ ಅಂತ ಗೊತ್ತಾಗಬೇಕಲ್ಲ.

ಚಿಕ್ಕಮ್ಮನಿಗೆ ಹೇಳಿ. ನೀವು ಹೇಳಿದ್ದನ್ನ ಹೇಳಿದ ಹಾಗೇ ಅವರು ಬರೀತಾರೆ.

ಮಿಡತೆ